ಎರಡನೆಯ ಚಿಲಕ

ತಗಡಿನ ಮಾಮಾನ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಉಗುರಿದ್ದ ಜಾಗದಲ್ಲಿ ಚರ್ಮ ಗಟ್ಟಿಯಾಗಿ, ನುಣುಪಾಗಿ, ಬೆಳ್ಳಗೆ ಹೊಳೆಯುತ್ತಿತ್ತು. ಚಿಕ್ಕವಳಿದ್ದಾಗ ನಾನು ಅವರು ಅಲ್ಲಿ ಬೆಸುಗೆಯ ತವರವನ್ನೇ ಹಚ್ಚಿಕೊಂಡಿದ್ದಾರೆ ಎಂದು ನಂಬಿದ್ದೆ. ಡಬ್ಬಿ ಮಾಡಿದರೂ, ಚಿಮಣಿ ದೀಪ ಮಾಡಿದರೂ, ಗಿರಾಕಿಯ ಕೈಗೆ ಕೊಡುವ ಮುಂಚೆ ಆ ಹೆಬ್ಬೆರಳನ್ನು ಅಂಚಿನ ಸುತ್ತ ಒಮ್ಮೆ ಮೆಲ್ಲಗೆ ಓಡಿಸುತ್ತಿದ್ದರು. ಉಗುರಿಲ್ಲದ ಬೆರಳಿಗೆ ತಗಡಿನ ಸಿಬಿರು ಬೇಗ ಗೊತ್ತಾಗುತ್ತದೆ ಎಂಬುದು ಅವರ ಮಾತು. ಎಲ್ಲಾದರೂ ಚುಚ್ಚಿತೆಂದರೆ ಮಾಲನ್ನು ಮತ್ತೆ ಕೊಡತಿಯ ಕೆಳಗೆ ಇಡುತ್ತಿದ್ದರು, ಗಿರಾಕಿಗೆ ಲಿಂಗಸುಗೂರಿನ ಬಸ್ಸು ತಪ್ಪಿದರೂ ಸರಿಯೇ.

ಮಸ್ಕಿಯ ಬಜಾರಿನಲ್ಲಿ ನಮ್ಮ ಅಪ್ಪನದು ಕಾಳಿನ ಅಂಗಡಿ. ಎದುರಿಗೆ ಬೇವಿನ ಮರದ ಕೆಳಗೆ, ನಾಲ್ಕು ಕಂಬ ಮತ್ತು ಒಂದು ತಟ್ಟಿಯ ಸೂರಿನಲ್ಲಿ ಮಾಮಾನ ಅಂಗಡಿ. ನಿಜಾಮನ ಆಳ್ವಿಕೆ ಹೋದ ಗದ್ದಲದ ವರ್ಷ ಅವರು ಅಂಗಡಿ ಮುಚ್ಚಿ ಮುದಗಲ್ಲಿಗೆ, ಹೆಂಡತಿಯ ತವರಿಗೆ ಹೋಗಿ ಕೂತಿದ್ದರು. ತಿರುಗಿ ಬಂದಾಗ ಬಜಾರಿನಲ್ಲಿ ಕೆಲವರ ಮುಖ ಗಂಟು ಹಾಕಿಕೊಂಡಿತ್ತು. ಆಗ ಅಪ್ಪ, ಈ ಮನುಷ್ಯ ಮಾಡಿದ ದೀಪ ಇಲ್ಲದ ಮನೆ ಈ ಊರಲ್ಲಿ ಯಾವುದಿದೆ ತೋರಿಸಿ ಎಂದು ನಾಲ್ಕು ಜನರೆದುರು ಕೇಳಿ, ಬೇವಿನ ಮರದ ಕೆಳಗೆ ಅವರ ಇದ್ದಿಲ ಒಲೆ, ಆ ಶೇಗಡಿಯನ್ನು ತಾನೇ ಮುಂದೆ ನಿಂತು ಇಡಿಸಿದ್ದ. ಇದನ್ನು ಮಾಮಾ ಮರೆತಿರಲಿಲ್ಲ. ಅಪ್ಪ ಮರೆತ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಅಪ್ಪನ ಮೇಲೆ ಬೆರಳು ಮಾಡುವ ಯೋಗ್ಯತೆ ನನಗಿಲ್ಲ.

ಮಾಮಾನ ಹೆಸರು ನಿಂತದ್ದು ಇಲಿಬೋನಿನ ಮೇಲೆ. ಲಿಂಗಸುಗೂರು, ಸಿಂಧನೂರು, ಮುದಗಲ್ ಕಡೆಯ ಕಾಳಿನ ವ್ಯಾಪಾರಿಗಳೆಲ್ಲ ಅವರ ಬೋನನ್ನೇ ಕೇಳಿ ಒಯ್ಯುತ್ತಿದ್ದರು. ಅದರ ಬಾಗಿಲಿಗೆ ಮುರಿದ ಸೈಕಲ್ ಕಡ್ಡಿಯನ್ನು ಬಗ್ಗಿಸಿ ಮಾಡಿದ ಒಂದು ಚಿಲಕ. ಅದಕ್ಕೆ ಸ್ಪ್ರಿಂಗಿಲ್ಲ, ತಿರುಪಿಲ್ಲ; ಬಾಗಿಲು ಬಿದ್ದೊಡನೆ ತನ್ನ ಭಾರಕ್ಕೆ ತಾನೇ ಜಾರಿ ಕೊಂಡಿಯಲ್ಲಿ ಕೂರುತ್ತಿತ್ತು. ಕೂತಾಗ ಟಕ್ ಎಂದು ಒಂದು ಸಪ್ಪಳ. ಆ ಸಪ್ಪಳ ಕೇಳಿಸಿದರೆ ಒಳಗಿನದು ಒಳಗೆ, ಹೊರಗಿನದು ಹೊರಗೆ. "ನನ್ನ ಬಾಯಿ ಒಮ್ಮೊಮ್ಮೆ ಸುಳ್ಳು ಹೇಳ್ತದ, ನನ್ನ ಬಾಗಿಲಾ ಹೇಳಂಗಿಲ್ಲ" ಎನ್ನುತ್ತಿದ್ದರು. ಅವರ ಬಾಯಿ ಸುಳ್ಳು ಹೇಳಿದ್ದನ್ನೂ ನಾನು ಕೇಳಿಲ್ಲ.

ಇಂಥವರ ಹತ್ತಿರ ಹೋಗಿ ಇಲಿಗೆ ಮನೆ ಮಾಡಿಕೊಡಿ ಎಂದು ಕೇಳಿದವಳು ನಾನು. ಆಗ ನನಗೆ ಹತ್ತು ವರ್ಷ.

ಆಸೆ ಹುಟ್ಟಿಸಿದವರೂ ಅವರೇ. ತಗಡು ತರಲು ರಾಯಚೂರಿಗೆ ಹೋಗಿದ್ದಾಗ ಸ್ಟೇಷನ್ನಿನ ಹತ್ತಿರ ಗಿಳಿ, ಲಾವಕ್ಕಿ ಮಾರುವವನ ಬಳಿ ಬಿಳಿ ಇಲಿಗಳನ್ನು ಕಂಡು ಬಂದಿದ್ದರು. ಹತ್ತಿಯಷ್ಟು ಬೆಳ್ಳಗಿದ್ದವಂತೆ, ಕಣ್ಣು ಗುಲಗಂಜಿಯಷ್ಟು ಕೆಂಪಂತೆ, ಅಂಗೈ ಮೇಲೆ ಕೂತು ಎರಡು ಕೈಯಲ್ಲಿ ಕಾಳು ಹಿಡಿದು ತಿನ್ನುತ್ತವಂತೆ. ಅವರು ಏನೋ ವಿಶೇಷ ಕಂಡೆ ಎಂದು ಹೇಳಿದ್ದು. ನಾನು ಅವತ್ತಿನಿಂದ ಊಟ ಬಿಟ್ಟೆ. ಅಪ್ಪ ಮೊದಲು ನಕ್ಕ, ಆಮೇಲೆ ಬೈದ, ಕೊನೆಗೆ ನನ್ನ ಹಟಕ್ಕೆ ಸೋತು ಒಂದು ಕರಾರಿನ ಮೇಲೆ ಒಪ್ಪಿದ. ಅದು ಒಂದು ಸಲ ಹೊರಗೆ ಬಂದು ಕಾಳಿನ ಚೀಲದ ಕಡೆ ಕಂಡಿತೆಂದರೆ ಅವತ್ತೇ ಬೆಕ್ಕಿನ ಪಾಲು. "ನಾ ಇಲಿ ಹಿಡ್ಯಾಕ ಬೋನು ತರ್ತೀನಿ, ನನ್ನ ಮಗಳು ಇಲಿಗೆ ಮನಿ ಕಟ್ಟಸ್ತಾಳ" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿ ನಗುತ್ತಿದ್ದ.

ಮಾಮಾ ನಗಲಿಲ್ಲ. ಮೊದಲು ಮನೆ, ಆಮೇಲೆ ಅತಿಥಿ ಎಂದರು. ಒಂದು ಹಳೆಯ ಚಿಮಣಿ ಎಣ್ಣೆಯ ಡಬ್ಬಿಯನ್ನು ಉದ್ದಕ್ಕೆ ಸೀಳಿ, ಬೂದಿ ಹಾಕಿ ತಿಕ್ಕಿ, ಮೂರು ದಿನ ಬಿಸಿಲಿಗೆ ಇಟ್ಟರು. ವಾಸನೆ ಹೋಗಬೇಕು, ಸಣ್ಣ ಜೀವಕ್ಕೆ ಮೂಗೇ ಕಣ್ಣು ಎಂದು ಹೇಳಿದ್ದು ಈಗಲೂ ಕಿವಿಯಲ್ಲಿದೆ. ಗಾಳಿಗೆ ತೂತು ಹೊಡೆಯುವಾಗ ಮೊಳೆಯನ್ನು ಒಳಗಿನಿಂದ ಹೊರಕ್ಕೆ ಹೊಡೆದರು. ಹೊರಗಿನಿಂದ ಹೊಡೆದರೆ ಚೂಪು ಒಳಗೆ ಬರುತ್ತದೆ. ಅಂಚನ್ನೆಲ್ಲ ಎರಡು ಸಲ ಮಡಿಚಿ ಬಡಿದರು. ಮುಂದೆ ತಂತಿಯ ಜಾಳಿಗೆ, ಮೇಲೆ ಮಲಗಲು ಒಂದು ಸಣ್ಣ ಅಟ್ಟ, ಅಟ್ಟಕ್ಕೆ ಹತ್ತಲು ಕಡ್ಡಿಯ ಏಣಿ. ಹಲ್ಲು ಬೆಳೆಯುತ್ತಲೇ ಇರುತ್ತವೆ, ಕಡಿಯಲು ಏನಾದರೂ ಬೇಕೆಂದು ಬೇವಿನ ಕಡ್ಡಿಯ ತುಂಡು. ಮೂಲೆಯಲ್ಲಿ ದೀಪದ ಬುಡದಂಥ ಒಂದು ನೀರಿನ ಬಟ್ಟಲು, ಉರುಳಬಾರದೆಂದು ನೆಲಕ್ಕೆ ಬೆಸುಗೆ ಹಾಕಿದ್ದು. ಕೊನೆಗೆ ಬಾಗಿಲು, ಬಾಗಿಲಿಗೆ ಬೋನಿನದೇ ಚಿಲಕ. ಹಾಸಿಗೆಗೆ ಹತ್ತಿ ಮತ್ತು ಜೋಳದ ಹೊಟ್ಟನ್ನು ನಾನು ತಂದೆ. ತಗಡು ಬಿಸಿಲಿಗೆ ಹಂಚಿನಂತೆ ಕಾಯುತ್ತದೆ, ಆದ್ದರಿಂದ ಮನೆ ನೆರಳಲ್ಲೇ ಇರಬೇಕು, ಮೇಲೆ ಒದ್ದೆ ಗೋಣಿತಟ್ಟು ಇರಬೇಕು ಎಂದು ಪಾಠ ಹೇಳಿದಂತೆ ಹೇಳಿಕೊಟ್ಟರು.

ಮನೆ ಸಿದ್ಧವಾದ ಮೇಲೂ ಇಲಿ ಬರಲಿಲ್ಲ. ಒಂದು ತಿಂಗಳು ಖಾಲಿ ಮನೆಯನ್ನು ಸಾಕು ಎಂದರು. ಇಲಿ ಇದೆ ಎಂದೇ ತಿಳಿದು ದಿನಾ ಬೆಳಿಗ್ಗೆ ನೀರು ಬದಲಿಸಬೇಕು, ನಾಲ್ಕು ಕಾಳು ಹಾಕಬೇಕು, ಹೊಟ್ಟು ಕೊಡವಬೇಕು. ಪಾಟಿಚೀಲ ಹೊತ್ತು ಸಾಲಿಗೆ ಹೋಗುವಾಗ ಅವರ ಅಂಗಡಿಯ ಮುಂದೆ ಹಾದರೆ ತಲೆ ಎತ್ತದೆ ಕೇಳುತ್ತಿದ್ದರು: "ನೀರು ಇಟ್ಟೀಯೇನವ್ವಾ?" ನಾನು ನಿಲ್ಲದೆ ಹೇಳುತ್ತಿದ್ದೆ: "ಇಟ್ಟೀನ್ರಿ ಮಾಮಾ." ಬಜಾರಿಗೆಲ್ಲ ಇದೊಂದು ತಮಾಷೆಯಾಯಿತು. ಖಾಲಿ ಡಬ್ಬಿಗೆ ನೀರಿಡುವ ಹುಡುಗಿ ಎಂದು ನನಗೆ ಹೆಸರು ಬಿತ್ತು.

ಹದಿನೇಳನೆಯ ದಿನವೋ ಏನೋ, ನಾನು ಮರೆತೆ. ಮರೆತು, ಇಟ್ಟಿದ್ದೇನೆ ಎಂದೆ. ಸಂಜೆ ಮಾಮಾ ಯಾವುದೋ ಡಬ್ಬಿ ಕೊಡುವ ನೆಪದಲ್ಲಿ ನಮ್ಮ ಮನೆಗೆ ಬಂದು, ಪಡಸಾಲೆಯ ಮೂಲೆಯಲ್ಲಿದ್ದ ಬಟ್ಟಲನ್ನು ಬಗ್ಗಿ ನೋಡಿದರು. ನೀರಿನ ಮೇಲೆ ಧೂಳಿನ ಕೆನೆ ಕಟ್ಟಿತ್ತು, ಒಂದು ಇರುವೆ ತೇಲುತ್ತಿತ್ತು. ನನ್ನನ್ನು ಬೈಯಲಿಲ್ಲ. "ಇವತ್ತ ಒಂದನೇ ದಿನ" ಎಂದಷ್ಟೇ ಹೇಳಿ ಹೋದರು. ಮತ್ತೆ ಮೊದಲಿನಿಂದ ಮೂವತ್ತು ದಿನ ನಾನು ಯಾರೂ ಇಲ್ಲದ ಮನೆಗೆ ನೀರಿಟ್ಟೆ. ಆ ಸಲ ತಪ್ಪಲಿಲ್ಲ. ನನಗೆ ಬುದ್ಧಿ ಬಂತು ಎಂದು ಅವರು ತಿಳಿದುಕೊಂಡರು. ನಾನೂ ಹಾಗೆಯೇ ತಿಳಿದುಕೊಂಡೆ.

ಇಲಿ ಬಂದದ್ದು ಸಂಕ್ರಾಂತಿ ಕಳೆದ ಮೇಲೆ, ಮಾಮಾನ ಅಂಗಿಯ ಜೇಬಿನಲ್ಲಿ, ರಾಯಚೂರಿನಿಂದ ಅಷ್ಟು ದೂರ ಬಸ್ಸಿನಲ್ಲಿ. ಅದರ ಬಾಲದ ತುದಿ ಬೆರಳಿನ ಉಗುರಿನಷ್ಟು ತುಂಡಾಗಿತ್ತು. ಬಾಲ ಕಡಿದದ್ದನ್ನು ಯಾರೂ ಒಯ್ಯುವುದಿಲ್ಲ, ಅದಕ್ಕೇ ಇದನ್ನು ತಂದೆ ಎಂದರು. "ನಂಗೂ ಇದಕ್ಕೂ ಒಂದ ಲೆಕ್ಕ" ಎಂದು ಉಗುರಿಲ್ಲದ ಹೆಬ್ಬೆರಳನ್ನು ಅದರ ಬಾಲದ ಪಕ್ಕದಲ್ಲಿ ಹಿಡಿದು ತೋರಿಸಿದರು. ಮನೆಯೊಳಗೆ ಬಿಟ್ಟು ಬಾಗಿಲು ಇಳಿಸಿದರು. ಟಕ್ ಎಂದಿತು. ಇಲಿ ಮೂಲೆಗೆ ಹೋಗಿ ಮೊದಲು ನೀರು ಕುಡಿಯಿತು.

ಅದನ್ನು ಎಷ್ಟು ಪ್ರೀತಿಸಿದೆ ಎಂದು ಬರೆಯಲು ನನಗೆ ನಾಚಿಕೆಯಾಗುತ್ತದೆ, ಏಕೆಂದರೆ ಪ್ರೀತಿಸಿದ್ದು ನಿಜ. ಕಡಲೆಯ ಕಾಳನ್ನು ಎರಡು ಮುಂಗಾಲಿನಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ತಿನ್ನುವುದನ್ನು ನೋಡುತ್ತ ಕೂತರೆ ಸಾಲಿಯ ಗಂಟೆ ಕೇಳುತ್ತಿರಲಿಲ್ಲ. ಊರಿಗೆ ಹೋಗುವುದಿದ್ದರೆ ಮನೆಯ ಸಮೇತ ತಂದು ನನ್ನ ಹತ್ತಿರ ಇಟ್ಟು ಹೋಗು ಎಂದು ಮಾಮಾ ಮೊದಲ ದಿನವೇ ಹೇಳಿದ್ದರು. ಹೂಂ ಎಂದಿದ್ದೆ.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ಮುದಗಲ್ಲಿನಲ್ಲಿ ಸೋದರತ್ತೆಯ ಮಗಳ ಮದುವೆ. ನನಗೆ ಪಾದ ಮುಟ್ಟುವ ಹೊಸ ಪರಕಾರ ಹೊಲಿಸಿದ್ದರು, ಕೈತುಂಬ ಹಸಿರು ಬಳೆ. ನಸುಕಿನಲ್ಲಿ ಬಂಡಿ ಕಟ್ಟಿದರು, ಮನೆಗೆ ಬೀಗ ಹಾಕಿದರು, ಅಪ್ಪ ಗುಮಾಸ್ತನಿಗೆ ಅಂಗಡಿಯ ಕೀಲಿ ಕೊಟ್ಟ. ಊರು ದಾಟಿ ಹಳ್ಳದ ಹತ್ತಿರ ಬಂದಾಗ, ಎತ್ತುಗಳು ನೀರು ಕುಡಿಯಲೆಂದು ಬಂಡಿ ನಿಂತಿತು. ಎತ್ತು ನೀರಿಗೆ ಬಾಯಿ ಹಚ್ಚಿದಾಗ ನನಗೆ ನೆನಪಾಯಿತು.

ಇಲ್ಲಿಯವರೆಗೆ ನಾನು ಈ ಕತೆಯನ್ನು ಎಷ್ಟೋ ಜನಕ್ಕೆ ಹೇಳುವಾಗ 'ಮರೆತು ಹೋಗಿದ್ದೆ' ಎಂದೇ ಹೇಳಿದ್ದೇನೆ. ಮರೆತಿರಲಿಲ್ಲ. ಹಳ್ಳದ ದಂಡೆಯಲ್ಲಿ ಸ್ಪಷ್ಟವಾಗಿ ನೆನಪಾಗಿತ್ತು. ಬಾಯಿ ತೆರೆದರೆ ಬಂಡಿ ತಿರುಗುತ್ತದೆ, ಅಪ್ಪ ಬೈಯುತ್ತಾನೆ, ಅತ್ತೆಯ ಮನೆಯಲ್ಲಿ ಅರಿಷಿಣದ ಹೊತ್ತಿಗೆ ಮುಟ್ಟುವುದಿಲ್ಲ. ಹಿಂದಿನ ದಿನ ಹಾಕಿದ ನೀರು ಬಟ್ಟಲಲ್ಲಿ ಇನ್ನೂ ಇದೆ, ಸಾಲುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬಂಡಿ ಹಳ್ಳ ದಾಟಿತು. ನಾನು ಬಳೆ ಎಣಿಸುತ್ತ ಕೂತೆ.

ಐದನೆಯ ದಿನ ಮಧ್ಯಾಹ್ನ ತಿರುಗಿ ಬಂದೆವು. ಗೋಣಿತಟ್ಟು ಒಣಗಿ ಕಟ್ಟಿಗೆಯಂತಾಗಿತ್ತು. ಬಟ್ಟಲು ಒಣಗಿತ್ತು. ಇಲಿ ಬಟ್ಟಲಿನ ಅಂಚಿನ ಮೇಲೆ ಗದ್ದವಿಟ್ಟು ಸತ್ತಿತ್ತು. ಬಾಗಿಲು ಹಾಕಿಯೇ ಇತ್ತು, ಚಿಲಕ ಕೊಂಡಿಯಲ್ಲಿ ಕೂತೇ ಇತ್ತು. ನಾನು ಅದನ್ನು ಎತ್ತಿ, ಬಾಗಿಲು ತೆರೆದು, ಇಲಿಯನ್ನು ಹೊಸ ಪರಕಾರದ ಮಡಿಲಲ್ಲಿ ಸುತ್ತಿಕೊಂಡೆ.

ಮಾಮಾನಿಗೆ ಹೇಳಬೇಕೆಂದೇ ರಸ್ತೆ ದಾಟಿದೆ. ಇದನ್ನು ನಂಬುವವರು ನಂಬಲಿ. ಅವರು ನಮಾಜಿಗೆ ಹೋಗಿದ್ದರು. ಅಂಗಡಿಗೆ ಎಂದಿನಂತೆ ಒಂದು ಬಟ್ಟೆ ಇಳಿಬಿಟ್ಟಿದ್ದರು. ಅವರು ಇದ್ದಿದ್ದರೆ ಹೇಳುತ್ತಿದ್ದೆ ಎಂದು ಬಹಳ ವರ್ಷ ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದೇನೆ. ಅಲ್ಲಿ ನಿಂತಾಗ ಧೈರ್ಯ ಇಳಿಯಿತು. ಧೂಳು ಕಟ್ಟಿದ ಬಟ್ಟಲು, ಮೂವತ್ತು ದಿನ, ಒಂದನೇ ದಿನ ಎಲ್ಲ ನೆನಪಾಯಿತು. ಇಲಿ ತಾನಾಗಿ ತಪ್ಪಿಸಿಕೊಂಡು ಇಲ್ಲಿಗೆ ಬಂತು ಎಂದಾದರೆ ನೀರಿನ ಮಾತೇ ಬರುವುದಿಲ್ಲವಲ್ಲ ಎಂದು ಹೊಳೆಯಿತು. ಶೇಗಡಿಯ ಹಿಂದಿದ್ದ ಇದ್ದಿಲ ಚೀಲದೊಳಗೆ ಅದನ್ನು ತುರುಕಿದೆ. ಕೈ ಕಪ್ಪಾಯಿತು, ಹಿತ್ತಲಿಗೆ ಹೋಗಿ ತೊಳೆದುಕೊಂಡೆ.

ಸಂಜೆ ಮನೆಯಲ್ಲಿ ಇಲಿ ಓಡಿಹೋಗಿದೆ ಎಂದು ಅಳತೊಡಗಿದೆ. ಅಪ್ಪನಿಗೆ ನಗೆ. ರಸ್ತೆಯ ಈಚೆಯಿಂದಲೇ ಮಾಮಾನಿಗೆ ಕೂಗಿ, ನಿನ್ನ ಬಾಗಿಲು ಒಂದು ಇಲಿಯನ್ನೂ ತಡೆಯಲಿಲ್ಲವಲ್ಲ ಸಾಹೇಬ ಎಂದು ಛೇಡಿಸಿದ. ಅಂಗಡಿಯಲ್ಲಿದ್ದ ನಾಲ್ಕಾರು ಮಂದಿ ನಕ್ಕರು. ಮಾಮಾ ಕೆಲಸ ಬಿಟ್ಟು ಎದ್ದು ರಸ್ತೆ ದಾಟಿ ಬಂದು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಚಿಲಕ ಬಿದ್ದ ಸಪ್ಪಳ ಕೇಳ್ಸಿತ್ತೇನವ್ವಾ?"

"ಕೇಳ್ಸಿತ್ರಿ. ಆದ್ರೂ ತಾನ ತೆರಕೊಂಡಿತ್ತು."

ಸಪ್ಪಳ ಕೇಳಿರಲಿಲ್ಲ ಎಂದಿದ್ದರೆ ತಪ್ಪು ನನ್ನದಾಗುತ್ತಿತ್ತು. ಹತ್ತು ವರ್ಷದ ತಲೆ ಅಷ್ಟು ಬೇಗ ಅಷ್ಟನ್ನು ಲೆಕ್ಕ ಹಾಕಿತು. ಮಾಮಾ ನಾಳೆ ಬೆಳಕಿನಲ್ಲಿ ಬಂದು ಚಿಲಕ ನೋಡುತ್ತೇನೆ, ಎಲ್ಲಿ ತಪ್ಪಿದೆನೋ ಏನೋ ಎಂದು ಹೇಳಿ ಎದ್ದರು.

ಆ ನಾಳೆ ಬರಲಿಲ್ಲ. ಬೆಳಿಗ್ಗೆ ಒಬ್ಬ ರೈತ ತೂತಾದ ಬಕೆಟ್ಟು ತಂದಿದ್ದ. ಶೇಗಡಿ ಹೊತ್ತಿಸಲು ಮಾಮಾ ಚೀಲಕ್ಕೆ ಕೈ ಹಾಕಿದರು. ಇದ್ದಿಲಿನ ಜೊತೆ ಸತ್ತ ಇಲಿ ಬಂತು.

ಈಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ಬೋನಿಗೆ ಬಿದ್ದ ಇಲಿಗೆ, ಬೆಕ್ಕು ಹಿಡಿದ ಇಲಿಗೆ ನಮ್ಮ ಕಡೆ ಯಾರೂ ಹೆದರುತ್ತಿರಲಿಲ್ಲ. ಆದರೆ ಗಾಯವಿಲ್ಲದೆ, ತಾನಾಗಿ ಸತ್ತ ಇಲಿ ಸಿಕ್ಕರೆ 'ಇಲಿ ಬಿದ್ದಾವ' ಎನ್ನುತ್ತಿದ್ದರು, ಹಾಗೆಂದರೆ ಪ್ಲೇಗು. ಇಲಿ ಬಿದ್ದ ಜಾಗವನ್ನು ಅದೇ ದಿನ ಖಾಲಿ ಮಾಡಿ, ಊರ ಹೊರಗೆ ಗುಡಿಸಲು ಹಾಕಿಕೊಂಡು ಇರಬೇಕು. ನನ್ನ ಅಜ್ಜಿಯ ಅಕ್ಕ, ತಂಗಿ, ತಮ್ಮ ಮೂವರೂ ಒಂದೇ ವಾರದಲ್ಲಿ ಹೋಗಿದ್ದರು. ಆ ಎರಡು ಶಬ್ದ ಕೇಳಿದರೆ ಅಜ್ಜಿ ಉಣ್ಣುವ ತಾಟು ಬಿಟ್ಟು ಏಳುತ್ತಿದ್ದಳು.

ರೈತ ಬಕೆಟ್ಟು ಅಲ್ಲೇ ಬಿಟ್ಟು ಓಡಿದ. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಇಡೀ ಬಜಾರು ದೂರದಲ್ಲಿ ಅರ್ಧಚಂದ್ರಾಕಾರವಾಗಿ ನಿಂತಿತ್ತು. ನಾನೂ ನಿಂತಿದ್ದೆ, ಅವ್ವನ ಸೆರಗು ಹಿಡಿದು. ಮಾಮಾ ಇಲಿಯನ್ನು ಬಾಲದಿಂದ ಹಿಡಿದಿದ್ದರು. ಅದು ಇದ್ದಿಲಿನಷ್ಟೇ ಕಪ್ಪಾಗಿತ್ತು. ನಮ್ಮ ಉಗ್ರಾಣದ ಇಲಿಗೂ ಅದಕ್ಕೂ ಯಾರಿಗೂ ವ್ಯತ್ಯಾಸ ಕಾಣುವಂತಿರಲಿಲ್ಲ. ಅವರು ಬಾಲದ ತುದಿಯನ್ನು ನೋಡಿದರು. ಹೆಬ್ಬೆರಳಿನಿಂದ ಅದನ್ನು ಮುಟ್ಟಿ ನೋಡಿದರು. ಆಮೇಲೆ ತಲೆ ಎತ್ತಿ ನಮ್ಮ ಅಂಗಡಿಯನ್ನು ನೋಡಿದರು, ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು.

ಅಪ್ಪ ಧೋತರದ ಚುಂಗನ್ನು ಮೂಗಿಗೆ ಹಿಡಿದಿದ್ದ. "ತಪ್ಪ ತಿಳೀಬ್ಯಾಡ ಸಾಹೇಬ. ಎದುರಿಗೆ ನನ್ನ ಕಾಳಿನ ಅಂಗಡಿ ಐತಿ, ಊರು ತಿನ್ನೂ ಕಾಳು. ನೀ ಇವತ್ತ ಜಾಗ ಖಾಲಿ ಮಾಡು." ಹಿಂದಿನ ಸಂಜೆ ತಾನೇ ನಗಾಡಿದ ಬಿಳಿ ಇಲಿ ಆಗ ಅಪ್ಪನಿಗೆ ನೆನಪಾಗಿತ್ತೋ ಇಲ್ಲವೋ, ಅವನು ಸಾಯುವವರೆಗೂ ನಾನು ಕೇಳಲಿಲ್ಲ.

ಮಾಮಾ ಹೇಳಿದ್ದು ಇಷ್ಟೇ: "ಹೌದ್ರಿ ಸಾವಕಾರ್ರ. ನನ್ನ ಅಂಗಡ್ಯಾಗ ಬಿದ್ದೈತಿ. ಬ್ಯಾರೆ ಯಾರದೂ ಏನಿಲ್ಲ."

ಮಧ್ಯಾಹ್ನ ಲಿಂಗಸುಗೂರಿನಿಂದ ದವಾಖಾನೆಯವರು ಬಂದು ಬಿಳಿ ಪುಡಿ ಹೊಡೆದರು. ಮಾಮಾನ ತಟ್ಟಿ, ಚೀಲ, ಚಾಪೆಗೆ ಬೆಂಕಿ ಇಟ್ಟರು. ಹೊಸ ದೀಪಗಳು, ಮುಗಿಯದ ಬೋನುಗಳು ಬೆಂಕಿಯಲ್ಲಿ ಬೆಸುಗೆ ಬಿಟ್ಟು ಬಿಡಿ ತಗಡಾದವು. ಅದೇ ಸಂಜೆ ಅಪ್ಪ ನನ್ನ ಇಲಿಯ ಮನೆಯನ್ನು ಕಲ್ಲಿನಿಂದ ಜಜ್ಜಿ ಹಾಳುಬಾವಿಗೆ ಎಸೆದು ಬಂದ. ಹೀಗೆ ಆ ಚಿಲಕವನ್ನು ಬೆಳಕಿನಲ್ಲಿ ನೋಡುವುದು ಮಾಮಾನಿಗೆ ಆಗಲೇ ಇಲ್ಲ.

ಅವರು ಹೆಂಡತಿಯನ್ನು ಕರೆದುಕೊಂಡು ಗುಡ್ಡದ ಬುಡದಲ್ಲಿ ಗುಡಿಸಲು ಹಾಕಿಕೊಂಡರು. ಅವ್ವ ಒಂದು ದಿನ ರೊಟ್ಟಿಯ ಗಂಟು ಕೊಟ್ಟು, ದೂರದ ಬಂಡೆಯ ಮೇಲಿಟ್ಟು ಬಾ ಎಂದು ನನ್ನನ್ನು ಕಳಿಸಿದಳು. ಮಾಮಾ ಗುಡಿಸಲ ಬಾಗಿಲಲ್ಲಿ ನಿಂತು, ಹತ್ತಿರ ಬರಬೇಡ ಎಂದು ಕೈ ಮಾಡಿದರು. ಅಲ್ಲಿಂದಲೇ ಕೇಳಿದರು: "ನಿಮ್ಮ ಮನ್ಯಾಗ ಎಲ್ಲಾರೂ ಆರಾಮ ಅದಾರೇನು? ಯಾರಿಗರೆ ಜ್ವರ ಬಂದಾವೇನು?" ಇಲ್ಲ ಎಂದೆ. ಅವರು ದುವಾ ಮಾಡಿದಂತೆ ಎರಡೂ ಕೈ ಎತ್ತಿ ಮುಖಕ್ಕೆ ಸವರಿಕೊಂಡರು. ಆ ಇಲಿ ಪ್ಲೇಗಿನಿಂದಲೇ ಸತ್ತಿದೆ, ನಮ್ಮ ಮನೆಯಲ್ಲಿ ಇದ್ದು ಬಂದಿದೆ ಎಂದು ನಂಬಿ, ನಮ್ಮ ಜೀವಕ್ಕೆ ಹೆದರಿ ಅವರು ದಿನ ಎಣಿಸುತ್ತಿದ್ದಾರೆಂದು ನನಗೆ ಆಗ ತಿಳಿಯಿತು. ಬಂಡೆಯ ಮೇಲೆ ಗಂಟು ಇಟ್ಟೆ. ಆಗಲೂ ಹೇಳಬಹುದಿತ್ತು. ಸುತ್ತ ಯಾರೂ ಇರಲಿಲ್ಲ.

ಊರಲ್ಲಿ ಇನ್ನೊಂದು ಇಲಿ ಬೀಳಲಿಲ್ಲ, ಯಾರಿಗೂ ಕಂಕುಳಲ್ಲಿ ಪ್ಲೇಗಿನ ಗಂಟು ಏಳಲಿಲ್ಲ. ತಿಂಗಳಾದ ಮೇಲೆ ಮಾಮಾ ತಿರುಗಿ ಬಂದಾಗ ಬೇವಿನ ಮರದ ಕೆಳಗೆ ಯಾರೋ ಸೈಕಲ್ ರಿಪೇರಿ ಅಂಗಡಿ ಹಾಕಿದ್ದರು. ಇಲಿ ಬಿದ್ದ ಅಂಗಡಿಯ ಬೋನು, ಅದೂ ಬಾಗಿಲು ನಿಲ್ಲದ ಬೋನು, ಯಾರಿಗೆ ಬೇಕು ಎಂದು ಜನ ಮಾತಾಡುತ್ತಿದ್ದರು. ಈ ಸಲ ಅಪ್ಪ ಮುಂದೆ ನಿಲ್ಲಲಿಲ್ಲ. ಮಾಮಾ ಮರದ ಬುಡವನ್ನು ಸ್ವಲ್ಪ ಹೊತ್ತು ನೋಡಿ, ಹೆಂಡತಿಗೆ ಏನೋ ಹೇಳಿ, ಬಂದ ದಾರಿಗೆ ತಿರುಗಿದರು. ಕಾಲುವೆಯ ಕೆಲಸ ನಡೆದಿದ್ದ ಬಳಗಾನೂರಿನ ಕಡೆ ಹೋದರಂತೆ, ಕೂಲಿಯವರಿಗೆ ದೀಪ, ನೀರಿನ ಡಬ್ಬಿ ಮಾಡಿಕೊಡುತ್ತಾರಂತೆ ಎಂದು ಆಮೇಲೆ ಸುದ್ದಿ ಬಂತು.

ನನಗೆ ಹದಿನೈದು ತುಂಬುವಷ್ಟರಲ್ಲಿ ಸಿಂಧನೂರಿಗೆ ಮದುವೆ ಮಾಡಿಕೊಟ್ಟರು. ಅಲ್ಲಿಯೂ ಕಾಳಿನ ವ್ಯಾಪಾರದ ಮನೆಯೇ. ಮೊದಲ ವಾರ ಉಗ್ರಾಣದಲ್ಲಿ ಇಲಿ ಕಾಣಿಸಿತು. ಅತ್ತೆ ಗೋಡೆಯ ಮಾಡದಿಂದ ಬೋನು ತೆಗೆದು ನನ್ನ ಕೈಗೆ ಕೊಟ್ಟರು. ಅಂಚು ಎರಡು ಸಲ ಮಡಿಚಿತ್ತು. ತೂತುಗಳನ್ನು ಒಳಗಿನಿಂದ ಹೊರಕ್ಕೆ ಹೊಡೆದಿತ್ತು. ಬಾಗಿಲಿಗೆ ಸೈಕಲ್ ಕಡ್ಡಿಯ ಚಿಲಕ, ಅದರ ಕೆಳಗೆ ಇನ್ನೊಂದು ಚಿಲಕ.

ಬಳಗಾನೂರಿನಲ್ಲಿ ಒಬ್ಬ ಮುದುಕ ಮಾಡುತ್ತಾನೆ, ಗಟ್ಟಿ ಮಾಡುತ್ತಾನೆ, ಆದರೆ ತಲೆ ಸರಿಯಿಲ್ಲ ಎಂದರು ಅತ್ತೆ. ಮೊದಲನೆಯದು ತಾನೇ ಬೀಳುತ್ತದೆ, ಎರಡನೆಯದನ್ನು ಕೈಯಿಂದ ಒತ್ತಬೇಕು. ಇಲಿ ಬಿದ್ದ ಸಪ್ಪಳ ಕೇಳಿ ಓಡಿ ಬಂದು ಒತ್ತುವವರು ಯಾರು, ತೆಗೆಯುವಾಗ ಎರಡು ಕೈ ಬೇಕು. ಕೇಳಿದರೆ ಒಂದರ ಮೇಲೆ ಭರವಸೆ ಇಲ್ಲ ಅನ್ನುತ್ತಾನೆ ಎಂದು ನಕ್ಕರು. ನಾನು ಬೋನನ್ನು ನೆಲಕ್ಕಿಟ್ಟು ಹಿತ್ತಲಿಗೆ ಹೋದೆ. ಅತ್ತೆ ತವರಿನ ನೆನಪಾಯಿತೇನೋ ಎಂದುಕೊಂಡರು.

ಮೊದಲ ಸಲ ತವರಿಗೆ ಕರೆಯಲು ಅಣ್ಣ ಬಂದಾಗ, ಕಾಡಿ ಬೇಡಿ ಅವನನ್ನು ಬಳಗಾನೂರಿನ ಹಾದಿ ಹಿಡಿಸಿದೆ. ಅಣ್ಣನನ್ನು ಚಹಾದ ಅಂಗಡಿಯಲ್ಲಿ ಕೂರಿಸಿ ಒಬ್ಬಳೇ ಹೋದೆ. ಮಾಮಾ ಕಾಲುವೆಯ ದಂಡೆಯ ಹತ್ತಿರ ಒಂದು ಗುಡಿಸಲ ಮುಂದೆ ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ತೊಡೆಯ ಮೇಲೆ ಬೋನು ಇತ್ತು. ನನ್ನನ್ನು ಗುರುತಿಸಿ, ಸೆರಗು, ತಾಳಿ ನೋಡಿ, ಬಹಳ ಖುಷಿಪಟ್ಟರು; ಒಳಗಿದ್ದ ಹೆಂಡತಿಗೆ ಮಸ್ಕಿ ಸಾವಕಾರರ ಮಗಳು ಬಂದಾಳ ಎಂದು ಕೂಗಿದರು. ಅಪ್ಪ ಆರಾಮವೇ ಎಂದು ಕೇಳಿದರು.

ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಹಳ್ಳದ ದಂಡೆ, ಒಣಗಿದ ಬಟ್ಟಲು, ಇದ್ದಿಲ ಚೀಲ, ಎಲ್ಲ. ಅಳಬಾರದು ಎಂದುಕೊಂಡಿದ್ದೆ, ಆದರೂ ಅತ್ತುಬಿಟ್ಟೆ. ಅವರು ಕೈಯಲ್ಲಿದ್ದ ಬೆಸುಗೆಯನ್ನು ಮುಗಿಸಿ, ಕಬ್ಬಿಣವನ್ನು ಶೇಗಡಿಯ ಅಂಚಿಗೆ ಒರಗಿಸಿಟ್ಟರು.

"ಅದೆಲ್ಲಾ ಇರ್ಲಿ. ಒಂದ ಮಾತು ಖರೇ ಹೇಳು. ಅವತ್ತ ಬಾಗಿಲಾ ತಾನ ತೆರಕೊಂಡಿತ್ತೇನು?"

"ಇಲ್ರಿ ಮಾಮಾ. ಹಾಕೇ ಇತ್ತು. ನಾನ ತೆರದೆ."

ಸುಟ್ಟ ಅಂಗಡಿಯ ಬಗ್ಗೆ, ಗುಡ್ಡದ ಬುಡದ ತಿಂಗಳ ಬಗ್ಗೆ, ಹೋದ ಜಾಗದ ಬಗ್ಗೆ ಅವರು ಒಂದು ಮಾತು ಕೇಳಲಿಲ್ಲ. ತೊಡೆಯ ಮೇಲಿದ್ದ ಬೋನಿನ ಮೊದಲ ಚಿಲಕವನ್ನು ಎತ್ತಿದರು, ಬಿಟ್ಟರು. ಟಕ್ ಎಂದಿತು. ಮತ್ತೆ ಎತ್ತಿದರು, ಬಿಟ್ಟರು. ಹೀಗೆ ಎಷ್ಟು ಸಲವೋ. ಆಮೇಲೆ ಇಕ್ಕಳ ತೆಗೆದುಕೊಂಡು ಎರಡನೆಯ ಚಿಲಕವನ್ನು ಹಿಡಿದು, ತಿರುವಿ, ಬುಡಸಮೇತ ಕಿತ್ತು ಪಕ್ಕಕ್ಕಿಟ್ಟರು. ಗೋಡೆಗೆ ತೂಗುಹಾಕಿದ್ದ ಇನ್ನೂ ಆರೋ ಏಳೋ ಬೋನುಗಳನ್ನು ಇಳಿಸಿ, ಒಂದೊಂದರದನ್ನೂ ಹಾಗೆಯೇ ಕಿತ್ತರು. ಹೆಂಡತಿ ಹೊರಗೆ ಬಂದು ಇದೇನು ಮಾಡುತ್ತಿದ್ದೀರಿ ಎಂದು ಕೇಳಿದರೂ ಕೈ ನಿಲ್ಲಿಸಲಿಲ್ಲ. ಕಿತ್ತ ಜಾಗದಲ್ಲಿ ಹೆಬ್ಬೆರಳು ಓಡಿಸಿ, ಸಿಬಿರು ಇದ್ದಲ್ಲಿ ಬಡಿದು ನುಣುಪು ಮಾಡಿದರು.

ಇಷ್ಟೆಲ್ಲ ಮುಗಿದ ಮೇಲೆ, ನನ್ನ ಕಡೆ ನೋಡದೆ ಕೇಳಿದರು: "ಹಂಗಾದ್ರ ಅದು ನೀರಿಲ್ದ ಸತ್ತಿತು?"

ಹೂಂ ಎಂದೆ.

"ನನ್ನ ಹತ್ರ ತಂದಿಟ್ಟು ಹೋಗಿದ್ರ ಆಗಿತ್ತಲ್ಲವ್ವಾ." ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಆ ಒಂದು ಸಲ. ಅದು ತಮಗಾದದ್ದಕ್ಕೆ ಬಂದ ಸಿಟ್ಟಲ್ಲ. ಬಾಲ ಕಡಿದಿದ್ದ ಆ ಒಂದು ಹಿಡಿ ಜೀವಕ್ಕಾಗಿ. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ ಅವರ ಹೆಂಡತಿ ನನಗೆ ಒಂದು ಚೊಂಬು ನೀರು ಕೊಟ್ಟರು. ಪೂರ್ತಿ ಕುಡಿದೆ.

ಮುಂದಿನ ಬೇಸಿಗೆಯಲ್ಲಿ ಮಾಮಾ ತೀರಿಕೊಂಡರು. ಬಳಗಾನೂರಿನಿಂದ ನೆಲ್ಲು ತಂದ ಬಂಡಿಯವನೊಬ್ಬ ಅಂಗಡಿಯಲ್ಲಿ ಮಾತಿಗೆ ಮಾತು ಬಂದಾಗ ಹೇಳಿದ. ಕೊನೆಯ ವರ್ಷ ಅವರು ಮಾಡಿದ ಬೋನುಗಳಿಗೆ ಒಂದೇ ಚಿಲಕವಂತೆ, ಜನ ಮತ್ತೆ ಕೇಳಿ ಕೇಳಿ ಒಯ್ಯುತ್ತಿದ್ದರಂತೆ. ಇದು ನನಗೆ ಸಮಾಧಾನ ತರಬೇಕಿತ್ತು. ಆದರೆ ಅದಕ್ಕೂ ಮುಂಚಿನ ನಾಲ್ಕೈದು ವರ್ಷದ ಬೋನುಗಳು ಸಿಂಧನೂರಿನ ಮನೆಮನೆಯಲ್ಲಿದ್ದವು. ಅವರ ಕೆಲಸ ಎಷ್ಟು ಗಟ್ಟಿಯೆಂದರೆ ಅವು ಮುರಿಯಲೂ ಇಲ್ಲ, ತುಕ್ಕು ಹಿಡಿಯಲೂ ಇಲ್ಲ. ನಮ್ಮ ಮಾಡದಲ್ಲಿದ್ದದ್ದರ ಎರಡನೆಯ ಚಿಲಕವನ್ನು ಕೀಳಲು ನಾನು ಒಮ್ಮೆ ಇಕ್ಕಳ ಹಿಡಿದು ಕೂತೆ. ಕೈ ಬರಲಿಲ್ಲ. ಕೀಳುವ ಹಕ್ಕು ಅವರದಾಗಿತ್ತು.

ಈಗಲೂ ಅದು ಇದೆ. ಹೋದ ವರ್ಷ ಪಕ್ಕದ ಮನೆಯ ಸೊಸೆ ಬೋನು ಕೇಳಿ ಒಯ್ದವಳು, ತಿರುಗಿ ತಂದುಕೊಡುವಾಗ ಕೇಳಿದಳು, ಇದಕ್ಯಾಕ್ರಿ ಅಜ್ಜಿ ಎರಡು ಚಿಲಕ, ಒಂದು ಸಾಕಿತ್ತಲ್ಲ ಎಂದು.

"ಒಂದು ಮಾಡಿದವರದವ್ವಾ," ಎಂದೆ. "ಇನ್ನೊಂದು ನಂದು."